ರೂಮ್ ರೇಟು ಎಲ್ಲಿ ಕೂತಿರ್ಬೇಕು?

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸೋರೊಬ್ರು ಬೆಳ್ಬೆಳಿಗ್ಗೆನೇ ಫೋನ್ ಮಾಡಿದ್ರು. "ಮಾರಾಯ್ರೆ, ವೆಬ್‌ಸೈಟಲ್ಲಿ ರೇಟು 2,800 ಮಾಡಿ ವಾರ ಆಯ್ತು, ರಾತ್ರಿ ಬಂದ ಗೆಸ್ಟು ಮೊಬೈಲ್ ಹಿಡ್ದು 2,200 ಅಂತ ತೋರಿಸ್ತಾರೆ, ನಂದೇ ಸೈಟು, ಎಂತ ಹೇಳೋದು, ಅದೇ ರೇಟಿಗೆ ಕೊಟ್ಟೆ."

ನೋಡಿದ್ರೆ ಅವ್ರು ಬದಲಾಯ್ಸಿದ್ದು ನಿಜ, ಆದ್ರೆ ಒಂದೇ ಕಡೆ. ಮುಖಪುಟದಲ್ಲಿ ಒಂದ್ಸಲ, ಮೂರು ರೂಮಿನ ಪೇಜಲ್ಲಿ ಒಂದೊಂದ್ಸಲ, 'ನಮ್ಮ ಬಗ್ಗೆ'ಯಲ್ಲಿ ಮಾತಿನ ಮಧ್ಯೆ ಒಂದ್ಸಲ, ಸಾಲ್ದು ಅಂತ ಮೇಲಿನ ದೊಡ್ಡ ಫೋಟೋ ಮೇಲೂ ಯಾರೋ ಡಿಸೈನ್ ಮಾಡಿ 2,200 ಅಂತ ಬರ್ದಿದ್ರು. ಒಂದೇ ಸಂಗತಿ ಆರು ಕಡೆ ಟೈಪ್ ಆಗಿ ಕೂತಿತ್ತು. ಶಿವಮೊಗ್ಗದಲ್ಲಿ ಕೂತು ಇಷ್ಟು ವರ್ಷದಿಂದ ವೆಬ್‌ಸೈಟ್ ಮಾಡ್ಕೊಡ್ತಾ ಇದೀನಿ, ನನ್ನ ಹತ್ರ ಬರೋ ದೂರಲ್ಲಿ ಅರ್ಧಕ್ಕರ್ಧ ಇದೇ ಜಾತಿದು, ಸಿಎಂಎಸ್ ಇದೆ, ಆದ್ರೆ ಅದನ್ನ ಟೈಪ್‌ರೈಟರ್ ಥರ ಬಳಸ್ತಾರೆ.

ಸಿಎಂಎಸ್ ಅಂದ್ರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಸೈಟಿನ ವಿಷಯನ ಬರ್ದು, ತಿದ್ದಿ, ಜೋಡ್ಸಿಡೋ ಸಾಫ್ಟ್‌ವೇರು. ಅದು ಬರೋಕ್ ಮುಂಚೆ ಒಂದೊಂದು ಪೇಜೂ ಒಂದೊಂದು ಎಚ್‌ಟಿಎಂಎಲ್ ಫೈಲು, ಫೋನ್ ನಂಬರ್ ಬದಲಾದ್ರೆ ಇಪ್ಪತ್ತು ಫೈಲ್ ತೆಗ್ದು ತಿದ್ದಿ ಮತ್ತೆ ಸರ್ವರಿಗೆ ಏರ್ಸಬೇಕಿತ್ತು. ಇಂಥ ಸಿಎಂಎಸ್‌ಗಳಲ್ಲಿ ಡ್ರುಪಲ್ 2001ರಲ್ಲಿ ಬಂತು, ವರ್ಡ್‌ಪ್ರೆಸ್ 2003ರಲ್ಲಿ, ಜೂಮ್ಲಾ 2005ರಲ್ಲಿ. ಮೂರರ ಹೂರಣನೂ ಒಂದೇ: ವಿಷಯ ಡೇಟಾಬೇಸಲ್ಲಿ ಇರತ್ತೆ, ಅದು ಹೆಂಗ್ ಕಾಣ್ಬೇಕು ಅನ್ನೋದು ಟೆಂಪ್ಲೇಟಲ್ಲಿ ಇರತ್ತೆ, ಯಾರೋ ಪೇಜ್ ಕೇಳಿದ ಹೊತ್ತಿಗೆ ಪಿಎಚ್‌ಪಿ ಅನ್ನೋ ಭಾಷೆಯ ಪ್ರೋಗ್ರಾಂ ಎರಡನ್ನೂ ಕೂಡ್ಸಿ ಕಳ್ಸತ್ತೆ. ಯಕ್ಷಗಾನನ ಬಡಗುತಿಟ್ಟಿನವ್ರು ಆಡ್ಲಿ ತೆಂಕುತಿಟ್ಟಿನವ್ರು ಆಡ್ಲಿ, ಪ್ರಸಂಗ ಅದೇ, ವೇಷ ಬೇರೆ. ಥೀಮ್ ಅಂದ್ರೆ ಆ ವೇಷ, ಅಷ್ಟೆ. ಆದ್ರೆ ನಮ್ಮವ್ರು ಮೀಟಿಂಗಿಗೆ ಬಂದ್ರೆ ಮುಕ್ಕಾಲು ಗಂಟೆ ಥೀಮಿನ ಬಣ್ಣದ ಬಗ್ಗೆನೇ ಮಾತಾಡ್ತಾರೆ.

ನಿಜವಾದ ಕೆಲ್ಸ ಇರೋದು ಕಂಟೆಂಟ್ ಟೈಪ್ ಮತ್ತೆ ಫೀಲ್ಡ್ ಅನ್ನೋದ್ರಲ್ಲಿ. ಅಡಿಕೆ ಮಂಡಿಗೆ ಮಾಲು ಹಾಕಿದವ್ರಿಗೆ ಇದನ್ನ ಹೇಳ್ಕೊಡೋದೇ ಬೇಡ. ಅಲ್ಲಿ ಯಾರೂ 'ಚೆನ್ನಾಗಿರೋ ಕೆಂಪಡಿಕೆ ಸುಮಾರಿದೆ' ಅಂತ ಬರ್ಕೊಳಲ್ಲ. ರಾಶಿನಾ, ಬೆಟ್ಟೆನಾ, ಸರಕಾ, ಗೊರಬಲಾ, ತೂಕ ಎಷ್ಟು, ಕ್ವಿಂಟಾಲಿಗೆ ದರ ಎಷ್ಟು, ಒಂದೊಂದಕ್ಕೂ ಒಂದೊಂದು ಕಾಲಂ. ಹಂಗೇ ಹೋಂಸ್ಟೇ ಸೈಟಿಗೆ 'ರೂಮ್' ಅಂತ ಒಂದು ಕಂಟೆಂಟ್ ಟೈಪ್ ಮಾಡ್ಬೇಕು, ಅದ್ರೊಳಗೆ ಹೆಸ್ರು, ರೇಟು, ಎಷ್ಟು ಜನ ಮಲಗ್ಬಹುದು, ಬಚ್ಚಲು ಒಳಗಾ ಹೊರಗಾ, ಫೋಟೋ, ಇಷ್ಟಕ್ಕೂ ಬೇರೆ ಬೇರೆ ಫೀಲ್ಡು. ಆಮೇಲೆ ಮುಖಪುಟ, ರೂಮಿನ ಪೇಜು, ರೂಮ್‌ಗಳ ಪಟ್ಟಿ ಎಲ್ಲಾ ಆ ಒಂದೇ ಫೀಲ್ಡಿಂದ ರೇಟು ಎತ್ಕೊಳತ್ತೆ. ಒಂದ್ಕಡೆ ತಿದ್ದಿದ್ರೆ ಮುಗೀತು. 2,500ಕ್ಕಿಂತ ಕಮ್ಮಿ ಇರೋ ರೂಮ್ ಮಾತ್ರ ತೋರ್ಸು ಅಂತನೂ ಕೇಳ್ಬಹುದು, ವಾಕ್ಯದೊಳಗೆ ಹೂತಿರೋ ರೇಟನ್ನ ಹಂಗೆ ಕೇಳೋಕಾಗಲ್ಲ.

ವರ್ಡ್‌ಪ್ರೆಸ್ ಹಾಕಿದ ಕೂಡ್ಲೇ ಸಿಗೋದು ಪೋಸ್ಟ್ ಮತ್ತೆ ಪೇಜ್ ಎರಡು. ದಿನಾಂಕದ ಪ್ರಕಾರ ಬರ್ತಾ ಇರೋದು ಪೋಸ್ಟು, ಒಂದೇ ಜಾಗದಲ್ಲಿ ನಿಂತಿರೋದು ಪೇಜು. ನಮಗೆ ಬೇಕಾದ ಟೈಪನ್ನ ನಾವೇ ಸೇರ್ಸೋದು 2010ರ 3.0 ಆವೃತ್ತಿಯಿಂದ ಸಲೀಸಾಯ್ತು. ತಮಾಷೆ ಅಂದ್ರೆ ಒಳಗಡೆ ಇವೆಲ್ಲಾ ಡೇಟಾಬೇಸಿನ ಪೋಸ್ಟ್ಸ್ ಅನ್ನೋ ಒಂದೇ ಟೇಬಲಲ್ಲಿ ಕೂತಿರತ್ತೆ, ಪೇಜು, ರೂಮು, ಫೋಟೋದ ಮಾಹಿತಿ, ಹಳೇ ತಿದ್ದುಪಡಿ, ಮೆನುವಿನ ಸಾಲು ಕೂಡ. ರೇಟಿನಂಥ ಹೆಚ್ಚುವರಿ ಫೀಲ್ಡೆಲ್ಲಾ ಪಕ್ಕದ ಪೋಸ್ಟ್‌ಮೆಟಾ ಟೇಬಲಲ್ಲಿ.

ಬರಹಗಳನ್ನ ವಿಂಗಡ್ಸೋ ಕ್ಯಾಟಗರಿ, ಟ್ಯಾಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಕ್ಯಾಟಗರಿ ಕೈಬೆರಳಲ್ಲಿ ಎಣಿಸೋ ಅಷ್ಟಿರ್ಲಿ. ಪ್ಲಗಿನ್ ಅಂದ್ರೆ ಯಾರೋ ಬರ್ದ ಕೋಡನ್ನ ನಿಮ್ಮನೆಗೆ ಬಿಟ್ಕೊಂಡ ಹಾಗೆ, ಅಪ್‌ಡೇಟ್ ನಿಂತುಹೋದದ್ದನ್ನ ಇಟ್ಕೋಬೇಡಿ. ಮೌಸಲ್ಲಿ ಎಳ್ದು ಪೇಜ್ ಜೋಡ್ಸೋ ಪೇಜ್ ಬಿಲ್ಡರ್ ಪ್ಲಗಿನ್ ಹಾಕಿ ಸೈಟ್ ಕಟ್ಟೋವಾಗ ಮಾತ್ರ ಎರಡ್ಸಲ ಯೋಚ್ನೆ ಮಾಡಿ, ಕೆಲವನ್ನ ನಾಳೆ ತೆಗೆದ್ರೆ ನಿಮ್ಮ ಬರಹದ ಮಧ್ಯೆ ಚೌಕ ಕಂಸದೊಳಗಿನ ಕೋಡ್ ಉದ್ದಕ್ಕೂ ಉಳ್ಕೊಳತ್ತೆ, ಅದನ್ನ ಒಂದೊಂದಾಗಿ ಹೆಕ್ಕಿ ತೆಗ್ಯೋದು ಅಂದ್ರೆ ಅಕ್ಕಿಯಲ್ಲಿ ಕಲ್ಲು ಆರ್ಸಿದ ಹಾಗೆ, ನಾನು ಮಾಡಿದೀನಿ.

ಯೂಸರ್ ರೋಲ್, ಅಂದ್ರೆ ಯಾರಿಗೆ ಎಷ್ಟು ಅಧಿಕಾರ ಅನ್ನೋ ವಿಷ್ಯಕ್ಕೆ ಬಂದ್ರೆ, ವರ್ಡ್‌ಪ್ರೆಸಲ್ಲಿ ಸಾಮಾನ್ಯವಾಗಿ ಐದು: ಅಡ್ಮಿನ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್. ಅಡ್ಮಿನಿಗೆ ಎಲ್ಲಾ ಅಧಿಕಾರ ಇರತ್ತೆ, ನಮ್ಮಲ್ಲಿ ಎಲ್ರೂ ಅಡ್ಮಿನ್! ಒಂದು ಸಂಸ್ಥೆಯಲ್ಲಿ ಕೆಲ್ಸ ಬಿಟ್ಟ ಹುಡುಗನ ಅಕೌಂಟ್ ತೆಗ್ಯೋಕೆ ಹೋದ್ರು, ಅವನ ಬರಹವನ್ನೆಲ್ಲ ಅಳಿಸ್ಲಾ, ಬೇರೆಯವ್ರ ಹೆಸ್ರಿಗೆ ಹಾಕ್ಲಾ ಅಂತ ಸಿಸ್ಟಂ ಕೇಳ್ತು, ಇವ್ರು ಮೊದ್ಲನೇದನ್ನ ಒತ್ತಿದ್ರು. ಸೈಟಿನ ಮುಕ್ಕಾಲು ಪಾಲು ಬರ್ದಿದ್ದವನೇ ಅವ್ನು. ಪೋಸ್ಟು, ಪೇಜು ಟ್ರ್ಯಾಶಲ್ಲಿ ಸಿಕ್ತು, ಅಲ್ಲಿ ಇರೋದೂ 30 ದಿನ ಮಾತ್ರ, ಫೋಟೋಗಳಿಗೆ ಬ್ಯಾಕಪ್ಪೇ ಗತಿ. ಬ್ಯಾಕಪ್ ಅಂದಾಗ ಡೇಟಾಬೇಸ್ ಒಂದೇ ತಗೊಂಡ್ರೆ ಸಾಲ್ದು, ಫೋಟೋ ಇರೋದು ಅಪ್‌ಲೋಡ್ಸ್ ಅನ್ನೋ ಫೋಲ್ಡರಲ್ಲಿ, ಡೇಟಾಬೇಸಲ್ಲಿ ಇರೋದು ಅದ್ರ ವಿಳಾಸ ಅಷ್ಟೆ.

ಕನ್ನಡದ ಎರಡು ತಾಪತ್ರಯ ಹೇಳ್ಲೇಬೇಕು. 'ನುಡಿ', 'ಬರಹ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರ್ಸಿದ ಫಾಂಟು) ಟೈಪ್ ಮಾಡಿದ್ದನ್ನ ತಂದು ಹಾಗೇ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣತ್ತೆ, ಸೈಟ್ ಕೆಟ್ಟಿಲ್ಲ, ಮೊದ್ಲು ಯೂನಿಕೋಡಿಗೆ, ಅಂದ್ರೆ ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಖ್ಯೆ ಇರೋ ಪದ್ಧತಿಗೆ, ಕನ್ವರ್ಟ್ ಮಾಡ್ಬೇಕು. ಇನ್ನೊಂದು ಪೇಜಿನ ವಿಳಾಸದ ಕೊನೇ ತುಂಡು, ಅದಕ್ಕೆ ಸ್ಲಗ್ ಅಂತಾರೆ. ವರ್ಡ್‌ಪ್ರೆಸಲ್ಲಿ ಅದಕ್ಕಿರೋ ಜಾಗ 200 ಅಕ್ಷರ. ಕನ್ನಡದ ಒಂದೊಂದು ಅಕ್ಷರನೂ ವಿಳಾಸಕ್ಕೆ ಹೋಗೋವಾಗ ಶೇಕಡಾ ಚಿಹ್ನೆಗಳ ಸಮೇತ 9 ಆಗತ್ತೆ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲಾ ಬೇರೆ ಬೇರೆ ಲೆಕ್ಕ. 'ಶಿವಮೊಗ್ಗ' ಅನ್ನೋದೊಂದೇ 72 ತಿನ್ನತ್ತೆ. ಹಂಗಾಗಿ ಉದ್ದ ಶೀರ್ಷಿಕೆ ಕೊಟ್ರೆ ವಿಳಾಸ ಮಧ್ಯಕ್ಕೇ ತುಂಡಾಗತ್ತೆ, ವಾಟ್ಸ್ಯಾಪಲ್ಲಿ ಕಳ್ಸಿದ್ರೆ ಮಾರುದ್ದ ಕಾಣತ್ತೆ. ನಾನು ಶೀರ್ಷಿಕೆ ಕನ್ನಡದಲ್ಲೇ ಇಟ್ಟು ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೈಯಲ್ಲೇ ಬರೀತೀನಿ.

ಹೋಂಸ್ಟೇದು ಎರಡು ದಿನದ ಕೆಲ್ಸ ಆಯ್ತು, ರೇಟು ಒಂದೇ ಫೀಲ್ಡಿಗೆ ಬಂತು. ಮಾರನೇ ದಿನ ಮತ್ತೆ ಫೋನ್, "ಹೆಂಡ್ತಿ ಫೋನಲ್ಲಿ ಹೊಸ ರೇಟಿದೆ, ನಂದ್ರಲ್ಲಿ ಹಳೇದೇ ಇದೆ." ಅದು ಕ್ಯಾಶ್, ಅವ್ರ ಬ್ರೌಸರು ಮೊನ್ನೆಯ ಪೇಜಿನ ಪ್ರತಿ ಇಟ್ಕೊಂಡು ಅದನ್ನೇ ತೋರ್ಸ್ತಿತ್ತು, ಕ್ಲಿಯರ್ ಮಾಡ್ಸಿದೆ. ಫೋಟೋ ಮೇಲಿನ 2,200 ಮಾತ್ರ ಯಾವ ಫೀಲ್ಡಿಗೂ ಸೇರಲ್ವಲ್ಲ, ಅದನ್ನ ತೆಗ್ದು ಬೇರೆ ಫೋಟೋ ಹಾಕಿ ಅಂದೆ. ಮಳೆ ಬಿಟ್ಮೇಲೆ ತೆಗ್ಸಿ ಕೊಡ್ತೀನಿ ಅಂದಿದಾರೆ.