‘ನಮ್ದೇ’ ಅಂದ್ರೆ ಯಾರ್ಯಾರ್ದು?

2016ರ ಮೇ 29ರ ರಾತ್ರಿ. ಬಳ್ಳಾರಿಯಲ್ಲಿ ಫ್ಯಾನ್ ಗಾಳಿಯೂ ಬಿಸಿ. ಚಿನ್ನಸ್ವಾಮಿಯಲ್ಲಿ ಐಪಿಎಲ್ ಫೈನಲ್ ನಡೆಯುತ್ತಿತ್ತು, ನಾವು ಪಕ್ಕದ ಮನೆಯ ಟಿವಿ ಮುಂದೆ ಕೂತಿದ್ದೆವು. ಮೊದಲ ವಿಕೆಟ್‌ಗೇ 114 ರನ್ ಹೊಡೆದ ಆರ್‌ಸಿಬಿ ಕೊನೆಗೆ ಹೈದರಾಬಾದ್ ತಂಡಕ್ಕೆ 8 ರನ್‌ಗಳಿಂದ ಸೋತಿತು. ಪಕ್ಕದ ಮನೆಯ ಅಣ್ಣನ ಮನೆಮಾತು ತೆಲುಗು, ಪಕ್ಷ ಹೈದರಾಬಾದ್. ಎದ್ದು ನಿಂತು ನನ್ನ ಮುಖ ನೋಡಿ, ‘ಮೇಮು ಗೆಲಿಚಾಂ’ ಅಂದರು, ನಾವು ಗೆದ್ವಿ ಅಂತ.

ತೆಲುಗಿನಲ್ಲಿ ‘ನಾವು’ ಅನ್ನುವುದಕ್ಕೆ ಎರಡು ಮಾತಿದೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’. ಅವರನ್ನು ಹೊರಗಿಟ್ಟರೆ ‘ಮೇಮು’. ಅಣ್ಣ ನನ್ನನ್ನು ಒಂದೇ ಪದದಲ್ಲಿ ಹೊಸ್ತಿಲ ಆಚೆ ನಿಲ್ಲಿಸಿದ್ದರು. ನಮ್ಮ ಕನ್ನಡದಲ್ಲಿ ಈ ಅನುಕೂಲ ಇಲ್ಲ. ‘ಈ ಸಲ ಕಪ್ ನಮ್ದೇ’ ಅಂದರೆ ಆ ‘ನಮ್ದು’ ಒಳಗೆ ಯಾರ್ಯಾರು ಇದ್ದಾರೆ ಅಂತ ಪದ ಹೇಳುವುದಿಲ್ಲ.

ಇನ್ನೊಂದು ವಿಷಯ. ಗೆದ್ದ ಅಣ್ಣನೂ ಆಡಿರಲಿಲ್ಲ, ಸೋತ ನಾನೂ ಆಡಿರಲಿಲ್ಲ. ಇಬ್ಬರೂ ಮಾಡಿದ್ದು ಒಗ್ಗಾಣಿ-ಮಿರ್ಚಿ ಖಾಲಿ ಮಾಡಿದ್ದಷ್ಟೇ. ಆದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇದು ಯಾಕೆ ಹೀಗೆ ಅನ್ನುವುದನ್ನು ಮನಶ್ಶಾಸ್ತ್ರದವರು 70 ವರ್ಷದಿಂದ ಕೆದಕುತ್ತಿದ್ದಾರೆ.

1954ರಲ್ಲಿ ಮುಜಾಫರ್ ಶೆರೀಫ್ ಎಂಬ ಟರ್ಕಿ ಮೂಲದ ಸಂಶೋಧಕ ಅಮೆರಿಕದ ಒಕ್ಲಹೋಮಾದಲ್ಲಿ 22 ಹುಡುಗರಿಗೆ ಬೇಸಿಗೆ ಶಿಬಿರ ಮಾಡಿದ. ಹನ್ನೊಂದು, ಹನ್ನೆರಡು ವಯಸ್ಸಿನವರು, ಒಬ್ಬರಿಗೊಬ್ಬರು ಪರಿಚಯ ಇಲ್ಲದವರು. ಎರಡು ತಂಡ ಮಾಡಿ ಬೇಸ್‌ಬಾಲ್, ಹಗ್ಗಜಗ್ಗಾಟ ಆಡಿಸಿದ. ಗೆದ್ದವರಿಗೆ ಮಾತ್ರ ಬಹುಮಾನ. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಒಬ್ಬರ ಕೊಠಡಿಗೆ ಇನ್ನೊಬ್ಬರು ನುಗ್ಗಿದರು. ಬಹುಮಾನ ಒಂದೇ ಇದ್ದಾಗ ಜಗಳ ಹುಟ್ಟುತ್ತದೆ ಅನ್ನುವುದು ಶೆರೀಫ್‌ನ ವಾದ. ನಮ್ಮ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು, ಶಿಬಿರ ಇಲ್ಲದೆ.

ಬಹುಮಾನವೇ ಇಲ್ಲದಿದ್ದರೆ? ಈ ಪ್ರಶ್ನೆ ಕೇಳಿದವನು ಹೆನ್ರಿ ತಾಜ್‌ಫೆಲ್. ಅವನು 1919ರಲ್ಲಿ ಪೋಲೆಂಡಿನ ಯಹೂದಿ ಮನೆಯಲ್ಲಿ ಹುಟ್ಟಿದವನು. ಓದಲು ಫ್ರಾನ್ಸಿಗೆ ಹೋದ, ಯುದ್ಧ ಬಂದಾಗ ಫ್ರೆಂಚ್ ಸೈನ್ಯ ಸೇರಿದ, ಜರ್ಮನರ ಕೈಗೆ ಸಿಕ್ಕಿ ಸೆರೆಯಾದ. ಸೆರೆಯಲ್ಲಿ ತಾನು ಫ್ರಾನ್ಸಿನವನು ಅಂತಲೇ ಹೇಳಿಕೊಂಡ. ಪೋಲೆಂಡಿನವನು ಅಂತ ಗೊತ್ತಾಗಿದ್ದರೆ ಜೀವ ಉಳಿಯುವುದು ಕಷ್ಟವಿತ್ತು. ಹೊರಗೆ ಬಂದು ನೋಡಿದರೆ ಊರಿನಲ್ಲಿ ತನ್ನವರು ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಯಾವ ಗುಂಪಿನವನು ಎಂಬ ಒಂದು ಮಾತಿನ ಮೇಲೆ ಬದುಕಿದವನು ಅವನು. ಅವನ ಪ್ರಯೋಗವನ್ನು ಬರೀ ಮಕ್ಕಳಾಟ ಅಂತ ಓದಲು ನನಗಂತೂ ಆಗುವುದಿಲ್ಲ.

ನೋಡಲು ಮಾತ್ರ ಅದು ಮಕ್ಕಳಾಟವೇ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 64 ಶಾಲಾ ಹುಡುಗರಿಗೆ ಪರದೆ ಮೇಲೆ ಚುಕ್ಕಿ ತೋರಿಸಿ, ಎಷ್ಟಿವೆ ಹೇಳಿ ಅಂದರು. ಆಮೇಲೆ ‘ನೀನು ಜಾಸ್ತಿ ಅಂದಾಜು ಮಾಡುವವರ ಗುಂಪು, ನೀನು ಕಡಿಮೆ ಅಂದಾಜು ಮಾಡುವವರ ಗುಂಪು’ ಅಂತ ಹಂಚಿದರು. ಹಂಚಿದ್ದು ಸುಮ್ನೆ, ಚೀಟಿ ಎತ್ತಿದ ಹಾಗೆ. ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿಲ್ಲ. ಈಗ ಬೇರೆ ಇಬ್ಬರಿಗೆ ಚಿಲ್ಲರೆ ಕಾಸು ಹಂಚಬೇಕು, ತನಗಂತೂ ಏನೂ ಸಿಗುವುದಿಲ್ಲ. ಹುಡುಗರು ತಮ್ಮ ಗುಂಪಿನವನಿಗೆ ಜಾಸ್ತಿ ಕೊಟ್ಟರು.

ಇಲ್ಲೊಂದು ಸೂಕ್ಷ್ಮ ಇದೆ. ಇದರ ಮುಂದಿನ ಪ್ರಯೋಗದ ಒಂದು ಪಟ್ಟಿಯಲ್ಲಿ ‘ನಮ್ಮವನಿಗೆ 19, ಅವರವನಿಗೆ 25’ ಎಂಬ ಆಯ್ಕೆ ಇತ್ತು. ಇನ್ನೊಂದು ತುದಿಯಲ್ಲಿ ‘ನಮ್ಮವನಿಗೆ 7, ಅವರವನಿಗೆ 1’. ಲೆಕ್ಕ ಬಲ್ಲವನು 19 ತೆಗೆದುಕೊಳ್ಳಬೇಕು ಅಲ್ವಾ? ಹುಡುಗರು ಆ ಕಡೆ ಹೋಗಲಿಲ್ಲ. ಪೂರ್ತಿ 7ಕ್ಕೂ ಇಳಿಯಲಿಲ್ಲ. ಸ್ವಲ್ಪ ನ್ಯಾಯ, ಸ್ವಲ್ಪ ಪಕ್ಷಪಾತ ಸೇರಿಸಿ ನಡುವೆ ಎಲ್ಲೋ ನಿಂತರು. ಆದರೆ ತಮ್ಮವನು ಒಂದು ಕೈ ಮೇಲೆ ಇರುವ ಹಾಗೆ ನೋಡಿಕೊಂಡರು. ಕಪ್ ಬರದಿದ್ದರೂ ಚೆನ್ನೈ ಸೋತರೆ ಸಾಕು ಅನ್ನುವವರನ್ನು ನೋಡಿದಾಗಲೆಲ್ಲ ನನಗೆ ಈ ಪಟ್ಟಿ ನೆನಪಾಗುತ್ತದೆ. 1979ರಲ್ಲಿ ತಾಜ್‌ಫೆಲ್ ಮತ್ತು ಜಾನ್ ಟರ್ನರ್ ಇದಕ್ಕೊಂದು ಸಿದ್ಧಾಂತವನ್ನೇ ಕಟ್ಟಿದರು. ‘ನಾನು ಯಾರು’ ಎಂಬುದರ ಒಂದು ಭಾಗ ‘ನಾವು ಯಾರು’ ಎಂಬುದರಿಂದ ಬರುತ್ತದೆ, ನಮ್ಮದು ಮೇಲೆ ಇದ್ದರೆ ನಾನೂ ಮೇಲೆ.

ಆಟದ ಅಭಿಮಾನಿಗಳನ್ನೇ ಹಿಡಿದು ನೋಡಿದವನು ರಾಬರ್ಟ್ ಚಾಲ್ಡೀನಿ, 1976ರಲ್ಲಿ. ಕಾಲೇಜು ತಂಡ ಶನಿವಾರ ಗೆದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಅಂಗಿಗಳು ಜಾಸ್ತಿ ಕಾಣುತ್ತಿದ್ದವು. ಗೆದ್ದರೆ ‘ನಾವು ಗೆದ್ವಿ’, ಸೋತರೆ ‘ಅವರು ಸೋತ್ರು’. ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ ನೀನು ಫೇಲ್ ಅಂತ ಮೊದಲೇ ಹೇಳಿಸಿಕೊಂಡವರು ಈ ಆಟ ಇನ್ನೂ ಜಾಸ್ತಿ ಆಡಿದರಂತೆ. ಆದರೆ ಚಾಲ್ಡೀನಿಯ ಲೆಕ್ಕಕ್ಕೆ ನಮ್ಮ ಆರ್‌ಸಿಬಿ ಮಂದಿ ಸಿಗುವುದಿಲ್ಲ. 2009ರ ಫೈನಲ್‌ನಲ್ಲಿ ಸೋತರು, ಅದೂ ಆಗಿನ ಹೈದರಾಬಾದ್ ತಂಡಕ್ಕೇ, 6 ರನ್‌ಗಳಿಂದ. 2011ರಲ್ಲಿ, 2016ರಲ್ಲಿ ಮತ್ತೆ. ಅಂಗಿ ಮಾತ್ರ ಬಿಚ್ಚಲಿಲ್ಲ. ಇದಕ್ಕೂ ಉತ್ತರ ಆಮೇಲೆ ಬಂತು. ತಂಡವನ್ನು ತನ್ನೊಳಗೆ ಆಳವಾಗಿ ಇಳಿಸಿಕೊಂಡವನು ಸೋತಾಗ ದೂರ ಸರಿಯುವುದಿಲ್ಲ ಅಂತ 1990ರಲ್ಲಿ ಡೇನಿಯಲ್ ವಾನ್ ಮತ್ತು ನೈಲಾ ಬ್ರ್ಯಾನ್ಸ್‌ಕೋಂಬ್ ತೋರಿಸಿದರು.

ಇಷ್ಟಾದರೂ ನನ್ನ ಪ್ರಶ್ನೆ ಹಾಗೇ ಇತ್ತು. ‘ಮೇಮು’ ಯಾವಾಗ ‘ಮನಂ’ ಆಗುತ್ತದೆ?

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಮಾರ್ಕ್ ಲೆವೀನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಕೆಲಸ ನನಗೆ ಇಷ್ಟವಾಗಿದ್ದು ಅದಕ್ಕೇ. ಅವರು ಆರಿಸಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳನ್ನು. ಲಿವರ್‌ಪೂಲ್ ಅಂದರೆ ಅವರಿಗೆ ಆಗದು. ಆ ಎರಡು ಊರುಗಳ ಪೈಪೋಟಿ ಚೆಂಡಿಗಿಂತ ಹಳೆಯದು. ಲಿವರ್‌ಪೂಲ್ ಬಂದರಿಗೆ ಸುಂಕ ಕಟ್ಟಿ ಸಾಕಾಗಿ ಮ್ಯಾಂಚೆಸ್ಟರಿನವರು 1894ರಲ್ಲಿ ತಮ್ಮೂರಿಗೇ ಹಡಗು ಬರುವ ಕಾಲುವೆ ತೋಡಿಸಿಕೊಂಡಿದ್ದರು.

ಮೊದಲು ಹುಡುಗರಿಂದ ತಮ್ಮ ತಂಡದ ಬಗ್ಗೆ ಬರೆಸಿದರು. ಆಮೇಲೆ ಇನ್ನೊಂದು ಕಟ್ಟಡಕ್ಕೆ ಹೋಗಿ ಅಂದರು. ದಾರಿಯಲ್ಲಿ ಓಡುತ್ತಿದ್ದ ಒಬ್ಬ ಜಾರಿ ಬಿದ್ದು ಕಾಲು ಹಿಡಿದು ನರಳುತ್ತಾನೆ. ಅದು ನಾಟಕ. ಅವನ ಮೈಮೇಲೆ ಯುನೈಟೆಡ್ ಅಂಗಿ ಇದ್ದಾಗ 13 ಜನರಲ್ಲಿ 12 ಜನ ನೆರವಿಗೆ ಹೋದರು. ಲಿವರ್‌ಪೂಲ್ ಅಂಗಿಗೆ 10ರಲ್ಲಿ 3. ಸಾದಾ ಅಂಗಿಗೆ 12ರಲ್ಲಿ 4. ಗಮನಿಸಿ, ಎದುರಾಳಿಗೂ ಗುರುತಿಲ್ಲದವನಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಅದು ದ್ವೇಷ ಅಲ್ಲ, ನಮ್ಮವನಲ್ಲ ಅಷ್ಟೇ.

ಎರಡನೇ ಸಲ ಒಂದೇ ಒಂದು ಬದಲಾವಣೆ. ನಿಮ್ಮ ತಂಡದ ಬಗ್ಗೆ ಅಲ್ಲ, ಫುಟ್‌ಬಾಲ್ ಅಭಿಮಾನಿ ಆಗಿರುವುದರ ಸುಖದ ಬಗ್ಗೆ ಬರೆಯಿರಿ ಅಂದರು. ಆಗ ಯುನೈಟೆಡ್ ಅಂಗಿಗೆ 10ರಲ್ಲಿ 8, ಲಿವರ್‌ಪೂಲ್ ಅಂಗಿಗೆ 10ರಲ್ಲಿ 7. ಸಾದಾ ಅಂಗಿಯವನಿಗೆ 9ರಲ್ಲಿ 2. ಗೆರೆ ಅಳಿಸಿ ಹೋಗಲಿಲ್ಲ, ಜರುಗಿತು. ಲಿವರ್‌ಪೂಲಿನವನು ಒಳಗೆ ಬಂದ, ಸಾದಾ ಅಂಗಿಯ ಪಾಪದವನು ಹೊರಗೇ ಉಳಿದ. ಬೆರಳೆಣಿಕೆಯ ಹುಡುಗರ ಮೇಲೆ ಮಾಡಿದ ಪ್ರಯೋಗ ಇದು, ಇದರ ಮೇಲೆ ಲೋಕವನ್ನೇ ಅಳೆಯುವುದು ಬೇಡ. ಆದರೆ ಬಳ್ಳಾರಿಯವನಿಗೆ ಇದು ಓದಿದ ತಕ್ಷಣ ಅರ್ಥವಾಗುತ್ತದೆ.

ನಮ್ಮೂರೇ ಗೆರೆ ಜರುಗಿದ ಊರು. 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೇ ಸೇರಲಿ ಅನ್ನುವ ಹೋರಾಟದಲ್ಲಿ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟರು. ‘ನಮ್ದು’ ಅನ್ನುವ ಮಾತು ಇಲ್ಲಿ ಒಂದು ಕಾಲಕ್ಕೆ ಕ್ರಿಕೆಟ್ ಮಾತಾಗಿರಲಿಲ್ಲ. ಗೆರೆ ಎಳೆದ ಮೇಲೂ ಬೀಗರು ಆಚೆ, ಸಂತೆ ಈಚೆ. ಹಾಗಾಗಿ ಒಂದೇ ಓಣಿಯಲ್ಲಿ ಆರ್‌ಸಿಬಿಯ ಕೆಂಪು ಅಂಗಿ, ಹೈದರಾಬಾದಿನ ಕಿತ್ತಳೆ ಅಂಗಿ ಎರಡೂ ಒಣಗುತ್ತವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತು. ಅಣ್ಣನ ಮಾವನ ಹೊಲ ಆದೋನಿ ಕಡೆ, ನನ್ನ ತಮ್ಮನ ಗದ್ದೆ ಸಿರುಗುಪ್ಪದಲ್ಲಿ. ಎರಡಕ್ಕೂ ಆ ಅಣೆಕಟ್ಟೆಯ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ನೀರೇ. ಬೆಳಗ್ಗೆ ಟೀ ಅಂಗಡಿಯಲ್ಲಿ ಅಣ್ಣ ಮೊಬೈಲ್ ಹಿಡಿದು ಕೂತಿದ್ದರು. ‘ಮನ ನೀಳ್ಳು ಪೋತುನ್ನಾಯಿ’ ಅಂದರು. ನಮ್ಮ ನೀರು ಹೋಗ್ತಿದೆ. ‘ಮನ’. ಒಂದು ವಾರದಲ್ಲಿ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ನೀರು ನಿಲ್ಲಿಸಿದರು.

ಶೆರೀಫ್‌ನ ಶಿಬಿರದ ಕಥೆಯ ಕೊನೆಯೂ ನೀರೇ. ಜಗಳ ಬಿಡಿಸಲು ಅವನು ಕುಡಿಯುವ ನೀರು ನಿಲ್ಲುವಂತೆ ಮಾಡಿದ, ಎರಡೂ ತಂಡ ಸೇರಿ ತೊಟ್ಟಿ ಹುಡುಕಿಕೊಂಡು ಹೋದವು. ಆಮೇಲೆ ಕೆಟ್ಟು ನಿಂತ ಟ್ರಕ್ಕನ್ನು ಎಲ್ಲರೂ ಸೇರಿ ಎಳೆದರು, ಹಗ್ಗಜಗ್ಗಾಟದ ಅದೇ ಹಗ್ಗದಿಂದ.

2025ರ ಜೂನ್ 3ರಂದು ಆರ್‌ಸಿಬಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿತು. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ‘ಹುಚ್ಚು ಅಭಿಮಾನ’ ಅಂತ ಬೈಯುವವರು ಆಗಲೇ ಶುರು ಮಾಡಿದರು. ಗುಂಪಿಗೆ ಬುದ್ಧಿ ಇರುವುದಿಲ್ಲ ಅನ್ನುವುದು ಫ್ರಾನ್ಸಿನ ಲೇಖಕ ಗುಸ್ತಾವ್ ಲ ಬಾನ್ 1895ರಲ್ಲಿ ಬರೆದ ಮಾತು. ಬ್ರಿಸ್ಟಲ್‌ನಲ್ಲೇ ಓದಿದ ಸ್ಟೀಫನ್ ರೈಶರ್ 1980ರ ಅಲ್ಲಿನ ಗಲಭೆಯನ್ನು ಅಧ್ಯಯನ ಮಾಡಿ, ಗುಂಪು ಕೂಡ ‘ನಾವು ಯಾರು’ ಎಂಬ ಲೆಕ್ಕದಲ್ಲೇ ನಡೆಯುತ್ತದೆ ಅಂತ ತೋರಿಸಿದ. ಉಸಿರು ಕಟ್ಟಿ ಸತ್ತ ಮಕ್ಕಳನ್ನು ಹುಚ್ಚರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಪ್ ಬಂದ ರಾತ್ರಿ ಅಣ್ಣ ನಮ್ಮನೆಯಲ್ಲೇ ಇದ್ದರು. ಕೊನೆಯ ಚೆಂಡು ಮುಗಿದಾಗ ನನಗಿಂತ ಮೊದಲು ಅವರೇ ಕೂಗಿದ್ದು, ‘ಮನಂ ಗೆಲಿಚಾಂ’. ಹೈದರಾಬಾದ್ ಫೈನಲ್‌ನಲ್ಲಿ ಇರಲಿಲ್ಲವಲ್ಲ, ಅದಕ್ಕೇ ಅಂತ ಅತ್ತಿಗೆ ನಕ್ಕರು. ಕಿತ್ತಳೆ ಅಂಗಿ ಮಾತ್ರ ಇಸ್ತ್ರಿ ಮಾಡಿ ಬೀರುವಿನಲ್ಲೇ ಇಟ್ಟಿದ್ದಾರಂತೆ.