ಪೋಷಕರ ಸಭೆ ಬೇರೆ, ಕಂಪನಿಯ ಕಿಟ್ ಬೇರೆ: ಮೈಸೂರು, ಮಂಡ್ಯದ ಶಾಲೆಗಳಲ್ಲಿ ವಿಜ್ಞಾನಕ್ಕೆ ಸಲಹೆ ಕೊಟ್ಟವರ ಕಥೆ

ಮಂಡ್ಯ ಕಡೆಯ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದ ಮೇಲೆ ಮೊದಲ ಕೆಲಸ ಅದನ್ನು ತಿಳಿ ಮಾಡುವುದು. ಹಾಲಿನಲ್ಲಿ ಸ್ವಲ್ಪ ಆಮ್ಲದ ಗುಣ ಇರುತ್ತದೆ. ಅದಕ್ಕೆ ಅಳತೆ ನೋಡಿ ಸುಣ್ಣದ ನೀರು ಬಿಡುತ್ತಾರೆ. ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ ಹಾಕುವವರೂ ಇದ್ದಾರೆ. ಕೊಳೆಯೆಲ್ಲ ಮೇಲೆ ತೇಲುತ್ತದೆ, ಅದನ್ನು ಜಾಲರಿಯಲ್ಲಿ ಎತ್ತಿ ಹಾಕುತ್ತಾರೆ. ಸುಣ್ಣ ಕಮ್ಮಿಯಾದರೆ ಬೆಲ್ಲ ಸರಿಯಾಗಿ ಗಟ್ಟಿ ಕಟ್ಟುವುದಿಲ್ಲ, ಜಾಸ್ತಿಯಾದರೆ ಬಣ್ಣ ಕಪ್ಪಾಗುತ್ತದೆ. ಕೊನೆಗೆ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದಾ ಅಂತ ನೋಡಿ ಒಲೆಯಿಂದ ಇಳಿಸುತ್ತಾರೆ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಪಿಎಚ್ ಬಗ್ಗೆ ಇಡೀ ಒಂದು ಪಾಠ ಇದೆ. ಆದರೆ ಆಲೆಮನೆಯ ಹೊಗೆ ಕಾಣುವ ಶಾಲೆಗಳಲ್ಲೂ ಎಷ್ಟೋ ಕಡೆ ಆ ಪಾಠ ಬೋರ್ಡ್ ಮೇಲೆ ಶುರುವಾಗಿ ಬೋರ್ಡ್ ಮೇಲೇ ಮುಗಿಯುತ್ತದೆ. ಇದಕ್ಕೆ ಮೇಷ್ಟ್ರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಪಾಠ ಮತ್ತು ಊರು ಒಂದೇ ಕಡೆ ಕೂರುವ ಜಾಗವನ್ನೇ ನಾವು ಶಾಲೆಯಲ್ಲಿ ಉಳಿಸಿಕೊಂಡಿಲ್ಲ. ಒಂದು ಕಾಲದಲ್ಲಿ ಇದೇ ಮೈಸೂರು ಸೀಮೆಯಲ್ಲಿ ಅಂಥ ಜಾಗ ಕಟ್ಟುವ ಪ್ರಯತ್ನ ನಡೆದಿತ್ತು.

1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರಕಾರ ಮೈಸೂರು ಸಂಪದಭ್ಯುದಯ ಸಮಾಜವನ್ನು ಶುರು ಮಾಡಿತು. ಇಂಗ್ಲಿಷಿನಲ್ಲಿ ಅದರ ಹೆಸರು ಮೈಸೂರು ಎಕನಾಮಿಕ್ ಕಾನ್ಫರೆನ್ಸ್. ಅದರ ಹಿಂದಿದ್ದವರು ಆಗ ಚೀಫ್ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು. ಮರುವರ್ಷವೇ ಅವರು ದಿವಾನರಾದರು. ಸಮಾಜಕ್ಕೆ ಮೂರು ಸಮಿತಿಗಳಿದ್ದವು: ಕೃಷಿಗೊಂದು, ಕೈಗಾರಿಕೆ ಮತ್ತು ವ್ಯಾಪಾರಕ್ಕೊಂದು, ಶಿಕ್ಷಣಕ್ಕೊಂದು. ಸರಕಾರಿ ಅಧಿಕಾರಿಗಳ ಜೊತೆ ಹೊರಗಿನವರೂ ಅದರಲ್ಲಿ ಕೂರುತ್ತಿದ್ದರು. ಜಿಲ್ಲೆ, ತಾಲೂಕು ಮಟ್ಟದಲ್ಲೂ ಸಮಿತಿಗಳಾದವು. ಬೇಸಾಯ, ವ್ಯಾಪಾರ, ಓದು ಒಂದೇ ಸೂರಿನಡಿ ಚರ್ಚೆಯಾಗಬೇಕು ಅನ್ನುವುದು ಅಲ್ಲಿಯ ಮುಖ್ಯ ವಿಚಾರ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದೂ ಈ ಸಮಾಜದ ಚರ್ಚೆಗಳಿಂದಲೇ. 1913ರ ಪ್ರಾಥಮಿಕ ಶಿಕ್ಷಣ ಕಾಯ್ದೆ, 1916ರ ಮೈಸೂರು ವಿಶ್ವವಿದ್ಯಾಲಯ ಬಂದದ್ದು ಅದೇ ಗಾಳಿಯಲ್ಲಿ. ಇವೆಲ್ಲ ಮೇಲಿನಿಂದ ಬಂದ ಯೋಜನೆಗಳು ನಿಜ. ಹೆಂಗಸರಿಗೆ, ಭೂಮಿ ಇಲ್ಲದವರಿಗೆ ಆ ಸಭೆಗಳಲ್ಲಿ ದನಿ ಇರಲಿಲ್ಲ. ಆದರೂ ಶಿಕ್ಷಣದ ಮಾತನ್ನೂ ಕಸುಬಿನ ಮಾತನ್ನೂ ಒಂದೇ ಕಡೆ ಆಡಬೇಕು ಅಂತ ಅವರು ನಂಬಿದ್ದು ಸಣ್ಣ ಸಂಗತಿಯಲ್ಲ.

ಮುಂದೆ ಮಂಡ್ಯದ ಚಹರೆಯೇ ಬದಲಾಯಿತು. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಹರಿಯಿತು, ಇಂದು ಅದು ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಹೆಸರನ್ನು ಮಂಡ್ಯದ ಹಿರಿಯರು ಇಂದಿಗೂ ನೆನೆಯುತ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ಸಂಶೋಧನೆ ಬೆಳೆಯಿತು. ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಅಲ್ಲಿಂದಲೇ. ಇಂಡಿಯಾದ ಇಂಡ್, ಆಫ್ರಿಕಾದ ಆಫ್ ಸೇರಿ ಇಂಡಾಫ್ ಆಯಿತು. ಅನುವಂಶೀಯತೆಯ ಪಾಠದಲ್ಲಿ ಮೆಂಡೆಲನ ಬಟಾಣಿ ಗಿಡ ಬಂದಾಗ, ಮಂಡ್ಯದ ಮಗುವಿಗೆ ಈ ರಾಗಿಯ ಕಥೆಯೂ ಸಿಗಬೇಕಲ್ವಾ?

ಸ್ವಾತಂತ್ರ್ಯ ಬಂದ ಮೇಲೆ ಕಸುಬನ್ನು ಶಾಲೆಯೊಳಗೇ ತರುವ ಒಂದು ದೊಡ್ಡ ಪ್ರಯತ್ನ ನಡೆಯಿತು. ಮೊದಲಿಯಾರ್ ಆಯೋಗ 1953ರ ಹೊತ್ತಿಗೆ ಬಹೂದ್ದೇಶ ಪ್ರೌಢಶಾಲೆಗಳನ್ನು ಶಿಫಾರಸು ಮಾಡಿತ್ತು. ಒಂದೇ ಹೈಸ್ಕೂಲಿನಲ್ಲಿ ತಾಂತ್ರಿಕ ವಿಷಯ, ಕೃಷಿ, ವಾಣಿಜ್ಯ ಎಲ್ಲವೂ ಇರಬೇಕು. ಹಾಗಾದರೆ ಅದನ್ನು ಕಲಿಸುವವರು ಬೇಕಲ್ಲ? ಅದಕ್ಕೆಂದೇ ದೇಶದ ನಾಲ್ಕು ಕಡೆ ಮೇಷ್ಟ್ರನ್ನು ತಯಾರು ಮಾಡುವ ರೀಜನಲ್ ಕಾಲೇಜುಗಳಾದವು. ಅವುಗಳಲ್ಲಿ ಒಂದು 1963ರಲ್ಲಿ ಮೈಸೂರಿಗೆ, ಮಾನಸಗಂಗೋತ್ರಿಯ ಪಕ್ಕಕ್ಕೆ ಬಂತು. ಇಂದು ನಾವು ಆರ್‌ಐಇ, ಅಂದರೆ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅನ್ನುವುದು ಅದನ್ನೇ. ಬಹೂದ್ದೇಶ ಶಾಲೆಗಳು ಮಾತ್ರ ನಿಲ್ಲಲಿಲ್ಲ. ಕಸುಬಿನ ವಿಭಾಗಕ್ಕೆ ಹೋಗುವವರು ಓದಿನಲ್ಲಿ ಹಿಂದಿರುವವರು ಅನ್ನುವ ಭಾವನೆ ಬೇರೂರಿತು. ಎಂಜಿನಿಯರಿಂಗ್, ಡಾಕ್ಟರಿಕೆ ಕಡೆಗಿನ ಓಟವೇ ಗೆದ್ದಿತು. ಪಿಯುಸಿ ಮಟ್ಟದಲ್ಲಿ ಆಮೇಲೆ ಬಂದ, ಕಸುಬು ಕಲಿಸುವ ಜೆಒಸಿ ಕೋರ್ಸುಗಳೂ ಕೊನೆಗೆ ಮುಚ್ಚಿದವು.

ಇದರ ಜೊತೆಗೇ ಬೇರೊಂದು ಧಾರೆ ಸದ್ದಿಲ್ಲದೆ ಹರಿಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಮೈಸೂರಿನಲ್ಲಿದ್ದ ಜೆ.ಆರ್. ಲಕ್ಷ್ಮಣರಾವ್ ಅವರು ಸಂಪಾದಿಸಿದ 'ಬಾಲ ವಿಜ್ಞಾನ' ಪತ್ರಿಕೆ ಎಷ್ಟೋ ಹಳ್ಳಿ ಮಕ್ಕಳ ಕೈ ಸೇರಿತು. 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. ಅದರಲ್ಲಿ ಮಕ್ಕಳು ಗುಂಪಾಗಿ ತಮ್ಮೂರಿನದೇ ಒಂದು ಸಮಸ್ಯೆಯನ್ನು ಹಿಡಿದು, ಅಳೆದು, ಲೆಕ್ಕ ಹಾಕಿ ವರದಿ ಬರೆಯಬೇಕು. ತಮ್ಮ ಭಾಷೆಯಲ್ಲೇ ಬರೆಯಬಹುದು. ಕಾರ್ಯಕ್ರಮಗಳ ರಾಶಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇದರ ಮೇಲೆ. ಕೆರೆ ನೀರಿನ ಪರೀಕ್ಷೆ ಮಾಡಬೇಕಾದರೆ ಮಗು ಕೆರೆಯ ನೀರು ಬಿಡುವ ನೀರುಗಂಟಿಯನ್ನು ಮಾತಾಡಿಸಲೇಬೇಕು. ಊರಿನ ಜ್ಞಾನ ಆಗ ಪಾಠದೊಳಕ್ಕೆ ತಾನಾಗಿ ಬರುತ್ತದೆ.

ಪೋಷಕರು ಒಂದು ಕಡೆ, ಕಂಪನಿಗಳು ಇನ್ನೊಂದು ಕಡೆ ಅನ್ನುವ ಇಂದಿನ ಇಬ್ಭಾಗ ಶುರುವಾದದ್ದು 2001ರ ನಂತರ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದರು, ಮದ್ದೂರು ತಾಲೂಕಿನ ಸೋಮನಹಳ್ಳಿಯವರು. ಅಣುವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಆ ವರ್ಷ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಬಂದವು. ಪೋಷಕರಿಗೆ ಶಾಲೆಯಲ್ಲಿ ಅಧಿಕೃತವಾಗಿ ಒಂದು ಕುರ್ಚಿ ಸಿಕ್ಕಿತು. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಗಟ್ಟಿ ಮಾಡಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. 1911ರಲ್ಲಿ ಹೊರಗಿದ್ದವರು ಒಳಗೆ ಬಂದರು. ಇದು ದೊಡ್ಡ ಗೆಲುವು.

ಆದರೆ ಅದೇ ಕಾಯ್ದೆ ಕೆಲಸವನ್ನು ಹಂಚಿದ ರೀತಿ ನೋಡಿ. ಶಾಲೆಯ ಅಭಿವೃದ್ಧಿ ಯೋಜನೆ, ಅನುದಾನದ ಮೇಲ್ವಿಚಾರಣೆ ಸಮಿತಿಗೆ. ಪಠ್ಯಕ್ರಮ ಮಾತ್ರ ಸರಕಾರ ನೇಮಿಸಿದ ಶೈಕ್ಷಣಿಕ ಪ್ರಾಧಿಕಾರಕ್ಕೆ, ನಮ್ಮಲ್ಲಿ ಅದು ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ. ರಾಜ್ಯಕ್ಕೆಲ್ಲ ಒಂದೇ ಪಠ್ಯ ಇರಬೇಕು ಅನ್ನುವುದರಲ್ಲಿ ಅರ್ಥವಿದೆ. ಆದರೆ ಪಠ್ಯ ಬೇರೆ, ಅದನ್ನು ಊರಿನಲ್ಲಿ ತೋರಿಸುವ ದಾರಿ ಬೇರೆ. ಈ ಎರಡನೆಯದನ್ನು ಯಾರ ಪಾಲಿಗೂ ಸ್ಪಷ್ಟವಾಗಿ ಬರೆದಿಡಲಿಲ್ಲ. ಹಾಗಾಗಿ ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ಮಾತು ಮುಗಿಯುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಬೋರ್‌ವೆಲ್ ಮೋಟಾರು ಬಿಚ್ಚಿ ಕಟ್ಟುವ ಅಪ್ಪ ಅದೇ ಸಭೆಯಲ್ಲಿ ಸದಸ್ಯರಾಗಿ ಕೂತಿರಬಹುದು. ವಿದ್ಯುತ್ತಿನ ಪಾಠಕ್ಕೆ ಒಂದು ದಿನ ಬನ್ನಿ ಅಂತ ಅವರನ್ನು ಕರೆಯುವ ವಿಷಯವೇ ಅಜೆಂಡಾದಲ್ಲಿ ಇರುವುದಿಲ್ಲ.

ಕೈಗಾರಿಕೆ ಬೇರೆ ಬಾಗಿಲಿನಿಂದ ಬಂತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಮ್ಮ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಸಹಜವಾಗಿಯೇ ಮೈಸೂರಿನ ಹೆಬ್ಬಾಳ, ನಂಜನಗೂಡಿನಂಥ ಕೈಗಾರಿಕಾ ಪ್ರದೇಶದ ಸುತ್ತಿನ ಶಾಲೆಗಳಿಗೆ ಅವಕಾಶ ಹೆಚ್ಚು. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗೆ, ನಾಗಮಂಗಲದ ಒಳ ಹಳ್ಳಿಗೆ ಕಮ್ಮಿ. ಸ್ಮಾರ್ಟ್ ಕ್ಲಾಸ್ ಬರುತ್ತದೆ, ರೊಬೊಟಿಕ್ಸ್ ಕಿಟ್ ಬರುತ್ತದೆ, ಉದ್ಘಾಟನೆ ಆಗುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಏನು ಬೇಕು ಅಂತ ಮೊದಲೇ ಮೇಷ್ಟ್ರನ್ನು ಕೇಳದಿದ್ದರೆ, ಅವರಿಗೆ ವರ್ಗಾವಣೆ ಆದ ದಿನ ಕಿಟ್ ಬೀರು ಸೇರುತ್ತದೆ.

2016ರಲ್ಲಿ ಶುರುವಾದ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿ ತನಕ ಸಿಗುತ್ತದೆ. 10 ಲಕ್ಷ ಸಾಮಾನಿಗೆ, ಇನ್ನು 10 ಲಕ್ಷ ಐದು ವರ್ಷ ನಡೆಸುವುದಕ್ಕೆ. 3ಡಿ ಪ್ರಿಂಟರ್, ಸೆನ್ಸರ್, ಆರ್ಡುಯಿನೊ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಎಲ್ಲ ಇದರಲ್ಲಿ ಬರುತ್ತದೆ. ವೃತ್ತಿಪರರು ವಾರಕ್ಕೆ ಒಂದೆರಡು ಗಂಟೆ ಮೆಂಟರ್ ಆಗಿ ಬರಲಿ ಅನ್ನುವ ವ್ಯವಸ್ಥೆಯನ್ನೂ ಮಾಡಿದರು. ಬರೀ ಸಾಮಾನು ಕೊಡದೆ ಮನುಷ್ಯರನ್ನೂ ಕಳಿಸಬೇಕು ಅಂತ ಯೋಚಿಸಿದ್ದು ಸರಿಯಾದ ಹೆಜ್ಜೆ. 2017ರ ಜುಲೈನಲ್ಲಿ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ 'ಜಿಜ್ಞಾಸಾ' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ತನ್ನ ಪ್ರಯೋಗಾಲಯಗಳಿಗೆ ಕರೆಯಲು ಮುಂದಾಯಿತು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿರುವ ನಮ್ಮ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದೇ ಸಿಎಸ್‌ಐಆರ್‌ಗೆ ಸೇರಿದ್ದು. ಆದರೆ ಜಿಜ್ಞಾಸಾ ಮೊದಲು ಶುರುವಾದದ್ದು ಕೇಂದ್ರೀಯ ವಿದ್ಯಾಲಯಗಳ ಜೊತೆ. ಅದರ ಗೇಟಿನ ಮುಂದೆಯೇ ದಿನಾ ಓಡಾಡುವ ಸರಕಾರಿ ಕನ್ನಡ ಶಾಲೆಯ ಮಕ್ಕಳು ಆ ಮೊದಲ ಪಟ್ಟಿಯಲ್ಲಿರಲಿಲ್ಲ.

2025ರ ಕೇಂದ್ರ ಬಜೆಟ್ ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಿಗೆ ಇನ್ನೂ 50,000 ಟಿಂಕರಿಂಗ್ ಲ್ಯಾಬ್ ಕೊಡುವುದಾಗಿ ಹೇಳಿದೆ. ಅದರಲ್ಲಿ ಒಂದಷ್ಟು ನಮ್ಮ ಎರಡು ಜಿಲ್ಲೆಗಳಿಗೂ ಬರಲಿ. ಬರುವ ಮುಂಚೆ ಆಗಬೇಕಾದ ಕೆಲಸಕ್ಕೆ ದುಡ್ಡು ಬೇಕಿಲ್ಲ. ಎಸ್‌ಡಿಎಂಸಿಯವರು, ವಿಜ್ಞಾನ ಮತ್ತು ಗಣಿತದ ಮೇಷ್ಟ್ರು, ಹತ್ತಿರದ ಕಾರ್ಖಾನೆಯ ಒಬ್ಬ ಎಂಜಿನಿಯರ್, ವಿ.ಸಿ. ಫಾರಂನಂಥ ಸಂಸ್ಥೆಯ ಒಬ್ಬರು, ಊರಿನ ಒಬ್ಬ ಮೆಕ್ಯಾನಿಕ್ ಶಾಲೆ ತೆರೆಯುವ ಮುಂಚೆ ಒಮ್ಮೆ ಒಟ್ಟಿಗೆ ಕೂರಲಿ. ಮೇಷ್ಟ್ರು ವರ್ಷದ ಪಾಠಗಳ ಪಟ್ಟಿಯನ್ನು ಮುಂದಿಡಲಿ. ಯಾವ ಪಾಠವನ್ನು ಎಲ್ಲಿ, ಯಾರ ಹತ್ತಿರ, ಯಾವ ತಿಂಗಳಲ್ಲಿ ನೋಡಬಹುದು ಅಂತ ಅದರ ಎದುರಿಗೇ ಬರೆದುಕೊಳ್ಳಲಿ. ಪಿಎಚ್ ಪಾಠದ ಎದುರಿಗೆ ಆಲೆಮನೆಯವರ ಫೋನ್ ನಂಬರ್ ಇದ್ದರೆ, ಹೊಸ ಮೇಷ್ಟ್ರು ಬಂದರೂ ಆ ಪುಟ ಶಾಲೆಯಲ್ಲೇ ಉಳಿಯುತ್ತದೆ. ಲ್ಯಾಬಿಗೆ ಯಾವ ಸಾಮಾನು ತರಿಸಬೇಕು ಅನ್ನುವುದನ್ನೂ ಆ ಪಟ್ಟಿ ನೋಡಿಯೇ ತೀರ್ಮಾನಿಸಬಹುದು.