ಲೋಕಗಳ ನಡುವೆ ಒಲೆ ಹಚ್ಚಬಾರದು

ಹಡಗು ತನ್ನ ಲೋಕದ ಅಂಚು ದಾಟಿದೆ. ಸುತ್ತಲೂ ಬಣ್ಣಬಣ್ಣದ ಹೊಗೆಯಂಥದ್ದು ಸುತ್ತಿ ಸುಳಿದು ಹರಿಯುತ್ತಿದೆ. ಕೆಳಗೆ ಜನ ಹಸಿದು ಕೂತಿದ್ದಾರೆ. ಆದರೂ ಅಡುಗೆಯವನು ಒಲೆಯ ಹತ್ತಿರ ಹೋಗುವುದಿಲ್ಲ. ಇಲ್ಲಿ ಒಂದು ಕಿಡಿ ಹಾರಿದರೆ ಸಾಕು, ಢಂ ಎಂದು ಸಿಡಿಯುತ್ತದೆ. ಹಾಗಾಗಿ ಮುಂದಿನ ಲೋಕ ಸಿಗುವವರೆಗೂ ಎಲ್ಲರಿಗೂ ತಣ್ಣನೆ ಊಟವೇ ಗತಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಿಗೆ ಈ ಜಾಗ ಗೊತ್ತಿರಬಹುದು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಎಲ್ಲರೂ ಸೇರಿ ಕಥೆ ಕಟ್ಟುವ ಆಟ ಅದು. ಅದರಲ್ಲಿ ಲೋಕಗಳು ಬೇಕಾದಷ್ಟಿವೆ. ಆದರೆ ಎರಡು ಲೋಕಗಳ ನಡುವೆ ಏನಿದೆ? ಸುಮ್ನೆ ಕೇಳಿದ ಪ್ರಶ್ನೆಯಂತೆ ಕಾಣುತ್ತದೆ. ಆಟ ಕಟ್ಟಿದವರು ಇದಕ್ಕೆ 1970ರ ದಶಕದಿಂದಲೂ ಬೇರೆ ಬೇರೆ ಉತ್ತರ ಕೊಡುತ್ತಲೇ ಬಂದಿದ್ದಾರೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಈ ಆಟ ಹೊರತಂದದ್ದು 1974ರಲ್ಲಿ. ಆಗ ನೆಲಮಾಳಿಗೆ, ನಿಧಿ, ರಾಕ್ಷಸರು, ಇಷ್ಟೇ ಜಾಸ್ತಿ. 1977ರಲ್ಲಿ ಗೈಗ್ಯಾಕ್ಸ್ ಒಂದು ಪತ್ರಿಕೆಯಲ್ಲಿ ಇಡೀ ವಿಶ್ವದ ನಕ್ಷೆ ಹಾಕಿದರು. ಮರುವರ್ಷ ಅದು ಆಟಗಾರರ ಕೈಪಿಡಿಯ ಕೊನೆಯ ಪುಟಗಳಿಗೆ ಬಂತು. ಮನುಷ್ಯರ ಲೋಕ ನಡುವೆ, ದೇವತೆಗಳ ಮತ್ತು ದುಷ್ಟಶಕ್ತಿಗಳ ಲೋಕಗಳು ಸುತ್ತಲೂ. ಅಲ್ಲಿಗೆ ಹೋಗುವ ದಾರಿಯೇ ಆಸ್ಟ್ರಲ್ ಎಂಬ ಬಯಲು. ಮೈಯನ್ನು ಇಲ್ಲೇ ಬಿಟ್ಟು ಹೋಗಬೇಕು. ಹೋದವನನ್ನು ಅವನ ಮೈಗೆ ಒಂದು ಬೆಳ್ಳಿ ದಾರ ಕಟ್ಟಿ ಹಿಡಿದಿರುತ್ತದೆ. ಅದು ಕಡಿದರೆ ಜೀವ ಹೋದ ಹಾಗೆಯೇ. ಆಸ್ಟ್ರಲ್ ಎಂಬ ಮಾತನ್ನು ಜನರ ಬಾಯಿಗೆ ತಂದವರಲ್ಲಿ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದವರು ಮುಖ್ಯರು. 1882ರಿಂದ ಅವರ ಕೇಂದ್ರ ಮದರಾಸಿನ ಅಡ್ಯಾರ್. ನಮ್ಮ ಲೋಕಗಳ ಕಲ್ಪನೆಯಿಂದ ಅವರು ಬಹಳಷ್ಟು ಪಡೆದಿದ್ದರು. ಆ ದಾರಿ ಸುತ್ತಿ ಸುತ್ತಿ ವಿಸ್ಕಾನ್ಸಿನ್‌ನ ಒಂದು ಆಟದ ಪುಸ್ತಕದ ತನಕ ಹೋಯಿತಲ್ಲ ಎಂಬುದು ನನಗೆ ಇವತ್ತಿಗೂ ಸೋಜಿಗ.

ಆದರೆ ಇದು ಭೂಮಿಯಿಂದ ಸ್ವರ್ಗ ನರಕಗಳಿಗೆ ಹೋಗುವ ದಾರಿ ಆಯಿತು. ಒಂದು ಭೂಮಿಯಿಂದ ಇನ್ನೊಂದು ಭೂಮಿಗೆ? 1980ರಲ್ಲಿ ಗ್ರೇಹಾಕ್ ಎಂಬ ಲೋಕ ಪುಸ್ತಕವಾಗಿ ಬಂತು, 1984ರಲ್ಲಿ ಕ್ರಿನ್, 1987ರಲ್ಲಿ ಫರ್ಗಾಟನ್ ರೆಲ್ಮ್ಸ್. ಒಂದೇ ಕಂಪನಿಯ ಮೂರು ಲೋಕಗಳು, ಮೂರಕ್ಕೂ ಬೇರೆ ಬೇರೆ ದೇವರು, ಬೇರೆ ಬೇರೆ ಆಕಾಶ. ನನ್ನ ವೀರ ಇಲ್ಲಿಂದ ಅಲ್ಲಿಗೆ ಹೇಗೆ ಹೋಗಬೇಕು ಎಂದು ಆಟಗಾರರು ಕೇಳದೆ ಇರುತ್ತಾರಾ?

ಜೆಫ್ ಗ್ರಬ್ ಇದಕ್ಕೆ ಉತ್ತರ ಕೊಟ್ಟರು. ಮಂತ್ರದ ಹಡಗು ಹತ್ತಿ ಲೋಕದಿಂದ ಲೋಕಕ್ಕೆ ಹಾರುವ, 1989ರಲ್ಲಿ ಬಂದ ಅವರ 'ಸ್ಪೆಲ್‌ಜ್ಯಾಮರ್' ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಚೆಂದದ ಭಾಗ. ಅವರು ಆಧುನಿಕ ಖಗೋಳಶಾಸ್ತ್ರವನ್ನು ಪಕ್ಕಕ್ಕಿಟ್ಟು, ವಿಜ್ಞಾನ ಬಿಸಾಡಿದ ಹಳೆಯ ವಿಚಾರಗಳನ್ನು ಎತ್ತಿಕೊಂಡರು. ಗ್ರಹಗಳು ಸ್ಫಟಿಕದ ಗೋಳಗಳಿಗೆ ಅಂಟಿಕೊಂಡಿವೆ ಎಂದು ಹಿಂದಿನವರು ನಂಬಿದ್ದರಲ್ಲ, ಅದನ್ನೇ ತೆಗೆದುಕೊಂಡು ಒಂದೊಂದು ಲೋಕವನ್ನೂ ಅದರ ಸೂರ್ಯನ ಸಮೇತ ಒಂದೊಂದು ದೊಡ್ಡ ಸ್ಫಟಿಕ ಗೋಳದೊಳಗೆ ಇಟ್ಟರು. ಗೋಳಗಳ ಹೊರಗೆ ಏನು? ಫ್ಲೋಜಿಸ್ಟನ್.

ಈ ಹೆಸರನ್ನು ರಸಾಯನಶಾಸ್ತ್ರದ ಪಾಠದಲ್ಲಿ ಕೇಳಿರುತ್ತೀರಿ. ಉರಿಯುವ ವಸ್ತುವಿನೊಳಗೆ ಫ್ಲೋಜಿಸ್ಟನ್ ಎಂಬ ಅಂಶ ಇರುತ್ತದೆ, ಉರಿದಾಗ ಅದು ಹೊರಗೆ ಹೋಗುತ್ತದೆ ಎಂದು ಜರ್ಮನಿಯ ಸ್ಟಾಲ್ 18ನೇ ಶತಮಾನದ ಶುರುವಿನಲ್ಲಿ ಹೇಳಿದ್ದರು. ಆ ಶತಮಾನ ಮುಗಿಯುವ ಮುಂಚೆ ಲವಾಸಿಯೆ ಅದನ್ನು ಆಮ್ಲಜನಕದ ಲೆಕ್ಕದಿಂದ ಕೆಡವಿದರು. ಬಿದ್ದುಹೋದ ಆ ವಸ್ತುವನ್ನೇ ಗ್ರಬ್ ಲೋಕಗಳ ನಡುವೆ ತುಂಬಿಸಿಟ್ಟರು.

ಅದಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನೂ ಕೊಟ್ಟರು. ಬೆಂಕಿ ಹಚ್ಚಿದರೆ ಸಿಡಿಯುತ್ತದೆ. ಮಾಂತ್ರಿಕ ಬೆಂಕಿಯುಂಡೆ ಎಸೆಯಲು ಹೋದರೆ ಅವನ ಮುಖದ ಮುಂದೆಯೇ ಒಡೆಯುತ್ತದೆ. ಈ ವಸ್ತುವನ್ನು ತುಂಬಿಕೊಂಡು ಲೋಕದೊಳಗೆ ತರಲು ಬರುವುದಿಲ್ಲ. ಪ್ರತಿ ಹಡಗೂ ತನ್ನ ಸುತ್ತ ಗಾಳಿಯ ಹೊದಿಕೆ ಹೊತ್ತುಕೊಂಡು ಹೋಗುತ್ತದೆ. ಆ ಗಾಳಿ ದಿನ ಕಳೆದಂತೆ ಹಳಸುತ್ತದೆ. ಗಾಳಿ ಪೂರ್ತಿ ಮುಗಿದರೆ ಇಲ್ಲಿ ಜನ ಸಾಯುವುದಿಲ್ಲ, ಜಡವಾಗಿ ನಿದ್ದೆಗೆ ಜಾರುತ್ತಾರೆ. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅಲ್ಲಿ ದೇವರು ಸಿಗುವುದಿಲ್ಲ. ಪೂಜಾರಿ ಎಷ್ಟು ಪ್ರಾರ್ಥಿಸಿದರೂ ದೊಡ್ಡ ಮಂತ್ರಗಳು ಮತ್ತೆ ಕೈಗೆ ಬರುವುದಿಲ್ಲ.

ಜೈನರ ಅಲೋಕದ ಬಗ್ಗೆ ಕೇಳಿದವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ. ಲೋಕದಾಚೆ ಆಕಾಶ ಮಾತ್ರ ಇದೆ. ಚಲನೆಗೆ ಆಸರೆಯಾಗುವ ಧರ್ಮದ್ರವ್ಯ ಅಲ್ಲಿಲ್ಲ. ಅದಕ್ಕೇ ಮುಕ್ತ ಜೀವವೂ ಲೋಕದ ತುದಿಯಲ್ಲೇ ನಿಲ್ಲುತ್ತದೆ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದರಿಂದಲೇ ಒಂದು ಜಾಗಕ್ಕೆ ರೂಪ ಬರುವುದು ಎರಡರಲ್ಲೂ ಕಾಣುತ್ತದೆ.

ಸ್ಪೆಲ್‌ಜ್ಯಾಮರ್ ಜಾಸ್ತಿ ದಿನ ಬಾಳಲಿಲ್ಲ. 1994ರಲ್ಲಿ ಪ್ಲೇನ್‌ಸ್ಕೇಪ್ ಬಂತು. ಅದರಲ್ಲಿ ಸಿಗಿಲ್ ಎಂಬ ಊರಿನ ಬಾಗಿಲುಗಳನ್ನು ದಾಟಿದರೆ ಸಾಕು, ಇನ್ನೊಂದು ಲೋಕ. 1997ರಲ್ಲಿ ಕಂಪನಿಯೇ ಕೈ ಬದಲಾಯಿತು. 2008ರಲ್ಲಿ ಆಸ್ಟ್ರಲ್ ಬಯಲು ಆಸ್ಟ್ರಲ್ ಸಮುದ್ರವಾಯಿತು. 2022ರಲ್ಲಿ ಸ್ಪೆಲ್‌ಜ್ಯಾಮರ್ ಹೊಸದಾಗಿ ಬಂದಾಗ ನಾನು ಖುಷಿಯಿಂದ ಪುಟ ತಿರುಗಿಸಿದೆ. ಸ್ಫಟಿಕ ಗೋಳಗಳಿಲ್ಲ. ಫ್ಲೋಜಿಸ್ಟನ್ ಇಲ್ಲ. ಈಗ ಲೋಕಗಳ ನಡುವೆ ಇರುವುದು ಅದೇ ಆಸ್ಟ್ರಲ್ ಸಮುದ್ರ.

ಯಾಕೆ ಹಾಗೆ ಮಾಡಿರಬಹುದು ಎಂದು ಅರ್ಥವಾಗುತ್ತದೆ. ಹೊಸಬರಿಗೆ ಎರಡು ಬಗೆಯ ಬಯಲು ವಿವರಿಸುವುದು ಕಷ್ಟ. ಒಂದೇ ಇದ್ದರೆ ಆಟ ಸಲೀಸು. ಆದರೆ ಆಸ್ಟ್ರಲ್‌ನಲ್ಲಿ ವಯಸ್ಸಾಗುವುದಿಲ್ಲ, ಹಸಿವೂ ಆಗುವುದಿಲ್ಲ. ಮೊದಲು ಒಲೆ ಹಚ್ಚಲು ಹೆದರಬೇಕಿತ್ತು. ಈಗ ಒಲೆಯೇ ಬೇಕಿಲ್ಲ. ದಾಟುವ ಕಷ್ಟ ಹೋದ ಮೇಲೆ ಲೋಕಗಳು ಪಕ್ಕದ ಬೀದಿಯಷ್ಟು ಹತ್ತಿರವಾದವು. ಅದು ನನಗೆ ನಷ್ಟ ಅನ್ನಿಸುತ್ತದೆ.

ನಮ್ಮ ಮೇಜಿನಲ್ಲಿ ಇನ್ನೂ ಹಳೇ ನಿಯಮವೇ ನಡೆಯುತ್ತದೆ. ಹೋದ ತಿಂಗಳು ಆಟ ನಡೆಸುತ್ತಿದ್ದ ಗೆಳತಿ ನಮ್ಮ ದಾರಿಗೆ ಒಂದು ಹಡಗು ತಂದು ನಿಲ್ಲಿಸಿದಳು. ದೀಪವಿಲ್ಲ, ಸದ್ದಿಲ್ಲ. ಗಾಳಿ ಮುಗಿದು ಹನ್ನೊಂದು ಜನ ಮಲಗಿದ್ದಾರೆ. ಎಬ್ಬಿಸಬೇಕಾದರೆ ನಮ್ಮ ಗಾಳಿಯನ್ನು ಹಂಚಿಕೊಳ್ಳಬೇಕು. ಆಗ ಮುಂದಿನ ಗೋಳದವರೆಗೆ ನಮಗೇ ಸಾಲದೆ ಹೋಗಬಹುದು. ಪೂಜಾರಿಯ ಪಾತ್ರ ಆಡುವ ಹುಡುಗ ದೇವರನ್ನು ಕೇಳುತ್ತೇನೆ ಎಂದ. ಇಲ್ಲಿ ಕೇಳಿಸುವುದಿಲ್ಲ ಎಂದಳು ಅವಳು. ಐದು ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ದಾಳ ಮೇಜಿನ ಮೇಲೇ ಇತ್ತು, ಯಾರೂ ಮುಟ್ಟಲಿಲ್ಲ.